ಓದುಗರ ಪ್ರಶ್ನೆ: ಧ್ರುವಯಾತ್ರಿಕನ ನೆನಪಿಗೊಂದು ಚಾಕು

ಹೋದ ಸಂಚಿಕೆಯಲ್ಲಿ ಡೆನ್ಮಾರ್ಕಿನ ಧ್ರುವಯಾತ್ರಿಕ ಪೀಟರ್ ಫ್ರಾಯ್ಕೆನ್ ಯಾರೆಂದು ಕೇಳಿದ್ದ ಓದುಗರೊಬ್ಬರಿಗೆ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೆ. 1886ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ ಫ್ರಾಯ್ಕೆನ್, ಆರೂವರೆ ಅಡಿ ಎತ್ತರದ, ದಟ್ಟ ಗಡ್ಡದ ಆಳು. 1910ರಲ್ಲಿ ಗೆಳೆಯ ಕ್ನೂದ್ ರಾಸ್ಮುಸ್ಸೆನ್ ಜೊತೆ ಗ್ರೀನ್‌ಲ್ಯಾಂಡಿನ ವಾಯವ್ಯ ತೀರದಲ್ಲಿ ಥೂಲೆ ಎಂಬ ವ್ಯಾಪಾರದ ಠಾಣೆಯನ್ನು ತೆರೆದು, ಅಲ್ಲಿನ ಇನುಗುಯಿಟ್ ಜನರ ನವರಾನಾ ಎಂಬುವರನ್ನು ಮದುವೆಯಾಗಿ, ಅವರಲ್ಲೊಬ್ಬರಾಗಿ ಬದುಕಿ, ನಾಯಿಗಳು ಎಳೆಯುವ ಹಿಮಗಾಡಿಯಲ್ಲಿ ಸಾವಿರಾರು ಕಿಲೋಮೀಟರ್ ತಿರುಗಿದವರು. ಹಿಮಗಚ್ಚು (ಚಳಿಗೆ ಮೈಯ ಮಾಂಸ ಹೆಪ್ಪುಗಟ್ಟಿ ಸಾಯುವುದು) ಹಿಡಿದು ಒಂದು ಪಾದವನ್ನೇ ಕಳೆದುಕೊಂಡರೂ ಎದೆಗುಂದದ ಮನುಷ್ಯ. ಇಷ್ಟು ಬರೆದದ್ದಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳು ಬಹುಪಾಲು ಒಂದೇ ವಿಷಯವನ್ನು ಸುತ್ತುತ್ತಿವೆ: ಚಾಕು. ಹಾಗಾಗಿ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಅಣ್ಣ ತೋಟ ನೋಡಿಕೊಳ್ಳುತ್ತಾನೆ. ಧ್ರುವಯಾತ್ರೆಯ ಪುಸ್ತಕಗಳೆಂದರೆ ಅವನಿಗೆ ಪ್ರಾಣ. ಅದರಲ್ಲೂ ಫ್ರಾಯ್ಕೆನ್ ಬಗ್ಗೆ ರಾತ್ರಿಯೆಲ್ಲ ಹೇಳಿದರೂ ಮುಗಿಯುವುದಿಲ್ಲ. ಅವರ ನೆನಪಿಗೆಂದು ಹೊರದೇಶದ ಕುಶಲಕರ್ಮಿಯೊಬ್ಬರು ಕೈಯಲ್ಲೇ ಮಾಡಿದ ಚಾಕುವಿನ ಚಿತ್ರವನ್ನು ನೋಡಿದೆ. ದಪ್ಪ ಅಲಗು, ಉದ್ದ ಹಿಡಿ, ನೋಡಿದರೆ ಗಟ್ಟಿಮುಟ್ಟು. ಬೆಲೆ ಮಾತ್ರ ನಮ್ಮ ಕೈಗೆಟುಕುವಂಥದ್ದಲ್ಲ. ಅಣ್ಣನ ಐವತ್ತನೆಯ ಹುಟ್ಟುಹಬ್ಬಕ್ಕೆ ಅಂಥದ್ದೇ ಒಂದನ್ನು ನಮ್ಮ ಕಡೆಯ ಕುಲುಮೆಯಲ್ಲಿ ಮಾಡಿಸಬಹುದೇ? ಆಚಾರ್ರಿಗೆ ಏನೆಂದು ಹೇಳಬೇಕು? — ಓದುಗರು, ಮೂಡಿಗೆರೆ

ಉತ್ತರ: ಧಾರಾಳವಾಗಿ ಮಾಡಿಸಬಹುದು. ಆದರೆ ಕುಲುಮೆಗೆ ಹೋಗುವಾಗ ಆ ಚಿತ್ರವನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಚಿತ್ರ ಕೊಟ್ಟರೆ ಆಚಾರ್ರು ಆ ಆಕಾರವನ್ನು ಹಾಗೆಯೇ ತೆಗೆದುಕೊಡುತ್ತಾರೆ. ಆಕಾರ ಯಾಕೆ ಹಾಗಾಯಿತೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಧ್ರುವಪ್ರದೇಶದ ಚಾಕುವಿನ ಒಂದೊಂದು ಅಂಗವನ್ನೂ ಅಲ್ಲಿನ ಚಳಿಯೇ ತಿದ್ದಿದೆ. ತುಪ್ಪಳದ ಕೈಗವಸು ತೊಟ್ಟುಕೊಂಡೇ ಹಿಡಿಯಬೇಕಾದ್ದರಿಂದ ಹಿಡಿ ಉದ್ದವೂ ದಪ್ಪವೂ ಆಗಿರುತ್ತದೆ. ಹಿಡಿಯ ಮೇಲೆ ಎಲ್ಲಿಯೂ ಬರಿಯ ಲೋಹ ಇಣುಕಬಾರದು: ಉಕ್ಕು ಮರಕ್ಕಿಂತ ನೂರಾರು ಪಟ್ಟು ಬೇಗ ಕೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಬರಿಗೈ ತಾಗಿಸಿದರೆ ಚರ್ಮದ ತೇವ ಅಲ್ಲೇ ಹೆಪ್ಪುಗಟ್ಟಿ ಕೈ ಲೋಹಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಚರ್ಮವೇ ಕಿತ್ತು ಬರುತ್ತದೆ. ಹಾಗಾಗಿ ಅಲ್ಲಿ ಹಿಡಿಗೆ ಮೂಳೆ, ಕೊಂಬು, ಮರ, ಮೇಲೆ ತೊಗಲಿನ ಸುತ್ತು. ಹೆಪ್ಪುಗಟ್ಟಿದ ಮಾಂಸವನ್ನು ತುಂಡು ಮಾಡುವುದೆಂದರೆ ಹಸಿ ಕಟ್ಟಿಗೆಯನ್ನು ಸೀಳಿದಷ್ಟೇ ಕಷ್ಟವಾದ್ದರಿಂದ ಬೆನ್ನು ದಪ್ಪ. ಹಿಮದ ಇಟ್ಟಿಗೆ ಕೊಯ್ದು ಮನೆ ಕಟ್ಟುವ ಚಾಕುವಂತೂ ಬೇರೆಯೇ. ಅದು ಉದ್ದ, ಹಗುರ, ಹಿಂದೆ ಬರಿಯ ಮೂಳೆಯಲ್ಲೋ ದಂತದಲ್ಲೋ ಆಗುತ್ತಿತ್ತು.

ನಿಮ್ಮ ಅಣ್ಣನ ತೋಟದಲ್ಲಿ ಕೈಗವಸೂ ಇಲ್ಲ, ಹೆಪ್ಪುಗಟ್ಟಿದ ಮಾಂಸವೂ ಇಲ್ಲ. ಅಲ್ಲಿರುವುದು ಆಷಾಢದ ಮಳೆ, ಕೆಸರು, ಒದ್ದೆ ಕೈ. ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕತ್ತರಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಗಿಡಕ್ಕೆ ಹಬ್ಬಿದ ಕಾಡುಬಳ್ಳಿ ಸವರುವುದು, ಬಾಳೆಗೊನೆ ಇಳಿಸುವುದು, ಗೂಟ ಚೂಪು ಮಾಡುವುದು: ದಿನವಿಡೀ ಸೊಂಟದಲ್ಲಿರುವ ಚಾಕುವಿಗೆ ಇವೇ ಕೆಲಸ. ಫ್ರಾಯ್ಕೆನ್ ತಮ್ಮೂರಿನ ಉಡುಪನ್ನು ಬದಿಗಿಟ್ಟು ಇನುಗುಯಿಟ್ ಜನರ ತುಪ್ಪಳವನ್ನು ತೊಟ್ಟದ್ದು, ಅವರ ಗಾಡಿಯನ್ನೇ ಓಡಿಸಿದ್ದು ಇಂಥದ್ದೇ ಲೆಕ್ಕದಿಂದ. ಆ ನೆಲದಲ್ಲಿ ತಲತಲಾಂತರದಿಂದ ಬದುಕಿದವರ ಸಾಧನವೇ ಆ ನೆಲಕ್ಕೆ ಸರಿ ಎಂದು ಅವರು ನಂಬಿದ್ದರು. ಅವರ ಮೇಲಿನ ಗೌರವಕ್ಕೆ ಮಾಡಿಸುವ ಚಾಕು ಮೂಡಿಗೆರೆಯ ಮಳೆಗೆ ಹೊಂದಿಕೊಂಡಿದ್ದರೆ, ಗ್ರೀನ್‌ಲ್ಯಾಂಡಿನ ಚಾಕುವಿನ ನಕಲಿಗಿಂತ ಅದೇ ಅವರಿಗೆ ಹೆಚ್ಚು ಹತ್ತಿರದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಆಚಾರ್ರಿಗೆ ಹೀಗೆ ಹೇಳಿ. ಅಲಗು ಐದು ಅಂಗುಲ ಸಾಕು. ಬೆನ್ನು ಹಿಡಿಯ ಹತ್ತಿರ ನಾಲ್ಕು ಮಿಲಿಮೀಟರ್ ಇದ್ದು ತುದಿಯತ್ತ ತೆಳುವಾಗುತ್ತ ಹೋಗಲಿ. ಚಿತ್ರದಲ್ಲಿರುವಷ್ಟು ದಪ್ಪ ಬೇಡ, ದಪ್ಪ ಅಲಗು ಹಗ್ಗ ಕೊಯ್ಯುವುದಿಲ್ಲ, ಜಜ್ಜುತ್ತದೆ. ಬಾಯಿ ಸ್ವಲ್ಪ ಹೊಟ್ಟೆ ಬಿಟ್ಟಿರಲಿ. ಹಿಡಿಯೊಳಕ್ಕೆ ಹೋಗುವ ಬಾಲ ಹಿಡಿಯ ಕೊನೆಯವರೆಗೂ ಬರಲಿ; ಮೋಟು ಬಾಲವಿದ್ದರೆ ಗೂಟದ ಮೇಲೆ ಒತ್ತಿದ ದಿನ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಹಿಡಿಯನ್ನು ದುಂಡಗೆ ಮಾಡಿಸಬೇಡಿ, ಮೊಟ್ಟೆಯಂತೆ ಕೋಲುದುಂಡಾಗಿ ಮಾಡಿಸಿ, ಕತ್ತಲೆಯಲ್ಲಿ ಹಿಡಿದರೂ ಬಾಯಿ ಯಾವ ಕಡೆಗಿದೆಯೆಂದು ಅಂಗೈಗೆ ಗೊತ್ತಾಗುತ್ತದೆ. ಹಿಡಿಯ ಕೊನೆಯಲ್ಲಿ, ನಮ್ಮ ಕಡೆಯ ಕತ್ತಿಗಳಲ್ಲಿ ಇರುವಂತೆ, ಕಿರುಬೆರಳಿಗೆ ತಡೆಯಾಗುವ ಒಂದು ಉಬ್ಬು ಇರಲಿ.

ಉಕ್ಕಿಗೆ ಹಳೆಯ ಜೀಪಿನ ಅಥವಾ ಲಾರಿಯ ಸ್ಪ್ರಿಂಗ್ ಪಟ್ಟಿಗಿಂತ ಸುಲಭವಾದದ್ದು ನಮಗೆ ಸಿಗುವುದಿಲ್ಲ. ಅದರಲ್ಲಿ ನೂರಕ್ಕೆ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಬಿಸಿ ಮಾಡಿ ಅದ್ದಿದರೆ ಗಡಸಾಗುವುದಕ್ಕೆ ಅಷ್ಟು ಸಾಕು, ಏಟು ತಡೆಯುವ ಗುಣವೂ ಅದಕ್ಕಿದೆ. ತುಂಬ ವರ್ಷ ಭಾರ ಹೊತ್ತ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಕಂಚಿನಂತೆ ನಾದ ಎಳೆದರೆ ತೆಗೆದುಕೊಳ್ಳಿ, ಒಡೆದ ಮಡಕೆಯಂತೆ ಸದ್ದು ಸತ್ತರೆ ಬಿಡಿ.

ಇನ್ನು ಹದ. ಚಾಕುವಿನ ಜೀವ ಇರುವುದು ಇಲ್ಲಿ. ಸಕಲೇಶಪುರದ ಕಡೆಯ ಒಂದು ಕುಲುಮೆಯಲ್ಲಿ ನಾನು ಕುಳಿತು ನೋಡಿದ್ದನ್ನು ಹೇಳುತ್ತೇನೆ. ಬಡಿದು, ಅರ ಹಾಕಿ, ರೂಪಕ್ಕೆ ತಂದ ಅಲಗನ್ನು ಆಚಾರ್ರು ಇಕ್ಕಳದಲ್ಲಿ ಹಿಡಿದು ಇದ್ದಿಲ ಕೆಂಡದಲ್ಲಿ ಹಿಂದೆಮುಂದೆ ಎಳೆದಾಡುತ್ತಿದ್ದರು, ಒಂದೇ ಕಡೆ ಇಟ್ಟರೆ ತುದಿ ಮೊದಲು ಕಾದು ಕೆಡುತ್ತದೆಂದು. ಬಾಗಿಲಿಗೆ ಗೋಣಿ ಇಳಿಬಿಟ್ಟಿತ್ತು. ಬಿಸಿಲಿನಲ್ಲಿ ಕಾವಿನ ಬಣ್ಣ ತಿಳಿಯುವುದಿಲ್ಲವಂತೆ. ಕಪ್ಪು ಹೋಗಿ ಕೆಂಪು ಬಂತು, ಕೆಂಪು ಹಣ್ಣಾಯಿತು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ್ದ ಕಾಂತವನ್ನು ಹತ್ತಿರ ತಂದರು, ಅದು ಅಲಗಿನತ್ತ ಸೆಳೆಯಲಿಲ್ಲ. ಕಬ್ಬಿಣ ಸುಮಾರು 770 ಡಿಗ್ರಿಗೆ ಕಾಂತದ ಸೆಳೆತವನ್ನು ಕಳೆದುಕೊಳ್ಳುತ್ತದೆ. ಅದಾದ ಮೇಲೆ ಇನ್ನೊಂದಿಷ್ಟು ಕಾವು ಕೊಟ್ಟು, ಮೊದಲೇ ಉಗುರುಬೆಚ್ಚಗೆ ಮಾಡಿಟ್ಟಿದ್ದ ಎಣ್ಣೆಯೊಳಗೆ ಅಲಗನ್ನು ನೆಟ್ಟಗೆ ಇಳಿಸಿದರು. ಒಂದು ಗುಳುಗುಳು ಸದ್ದು, ಕಮಟು ಹೊಗೆ. ಹೊರತೆಗೆದು ಒರೆಸಿ ಅರ ಎಳೆದಾಗ ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಗಡಸಾಗಿದೆ ಎಂದು ಅದಕ್ಕೇ ಅರ್ಥ.

ಆದರೆ ಆ ಹಂತದಲ್ಲಿ ಅಲಗು ಗಾಜಿನಷ್ಟೇ ಸುಲಭವಾಗಿ ಒಡೆಯುವಂಥದ್ದೂ ಹೌದು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಮತ್ತೆ ಬಿಸಿ ಕೊಟ್ಟು ಹದ ಇಳಿಸಬೇಕು. ಆಗ ಬೆಳ್ಳಗಿನ ಮೈಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಬಾಯಿಯ ಹತ್ತಿರ ಹುಲ್ಲಿನ ಬಣ್ಣ ಗಾಢವಾಗಿ ಕಂದಿಗೆ ತಿರುಗುವ ಹೊತ್ತಿಗೆ, ಎಂದರೆ ಸುಮಾರು 230ರಿಂದ 250 ಡಿಗ್ರಿಗೆ, ನಿಲ್ಲಿಸಬೇಕು. ಅಷ್ಟರಲ್ಲಿ ಬೆನ್ನು ನೀಲಿಯಾಗಿ ಏಟು ತಡೆಯುವಷ್ಟು ಮೆತುವಾಗಿರುತ್ತದೆ. ಈ ಬಣ್ಣಗಳ ಓಟ ಒಂದೆರಡು ನಿಮಿಷದ್ದು. ಅದನ್ನು ಹಿಡಿಯುವ ಕಣ್ಣಿಗೆ ನೀವು ಕೂಲಿ ಕೊಡುತ್ತಿದ್ದೀರಿ ಎಂದು ತಿಳಿಯಿರಿ.

ವರ್ಷಗಳ ಹಿಂದೆ ನಾನೇ ಒಂದು ಚಾಕು ಮಾಡಿಸುವಾಗ, ಸಂಜೆಯ ಬಸ್ಸಿಗೆ ಹೊರಡಬೇಕೆಂದು ಅವಸರ ಮಾಡಿ, ಹದ ಇಳಿಸುವ ಕೆಲಸವನ್ನು ಅರ್ಧಕ್ಕೇ ಮುಗಿಸುವಂತೆ ಒತ್ತಾಯಿಸಿದ್ದೆ. ಆ ಚಾಕುವಿನ ಬಾಯಿ ಅದ್ಭುತವಾಗಿತ್ತು; ಮೂರನೆಯ ದಿನ ತೆಂಗಿನ ಕರಟಕ್ಕೆ ತಾಗಿ ಅಕ್ಕಿಕಾಳಿನಷ್ಟು ಎರಡು ಮುಕ್ಕು ಎದ್ದವು. ತಪ್ಪು ಪೂರ್ತಿಯಾಗಿ ನನ್ನದು. ಹಾಗಾಗಿ ತೋಟದ ನೆರಳುಮರಗಳ ಕೊಂಬೆ ಸವರುವ ಮರಗಸಿಯ ಕಾಲದಲ್ಲಿ, ತೋಟಗಳ ಕತ್ತಿಗಳೆಲ್ಲ ಕುಲುಮೆಯ ಮುಂದೆ ರಾಶಿ ಬಿದ್ದಿರುವಾಗ, ಈ ಕೆಲಸವನ್ನು ಹೇಳಬೇಡಿ. ಬಿಡುವಿನ ದಿನ ನೋಡಿ, ಒಂದು ತಿಂಗಳು ಮುಂಚೆ ಹೋಗಿ, ಯಾರಿಗೆ, ಯಾತಕ್ಕೆ ಎಂಬುದನ್ನು ಬಾಯಿಬಿಟ್ಟು ಹೇಳಿ. ಹುಟ್ಟುಹಬ್ಬದ ಉಡುಗೊರೆ ಎಂದು ತಿಳಿದರೆ ಆಚಾರ್ರು ಇನ್ನೊಂದು ಸಲ ಹೆಚ್ಚಾಗಿಯೇ ಅರ ಎಳೆಯುತ್ತಾರೆ.

ಪ್ರಶ್ನೆ: ಫ್ರಾಯ್ಕೆನ್ ಹಿಮದಡಿಯಲ್ಲಿ ಸಿಕ್ಕಿಬಿದ್ದಾಗ ತಮ್ಮ ಮಲವನ್ನೇ ಹೆಪ್ಪುಗಟ್ಟಿಸಿ ಚಾಕು ಮಾಡಿಕೊಂಡು ಪಾರಾದರಂತೆ. ಇದು ಸಾಧ್ಯವೇ ಇಲ್ಲವೆಂದು ವಿಜ್ಞಾನಿಗಳು ತೋರಿಸಿದ್ದಾರೆಂದೂ ಕೇಳಿದೆ. ಯಾವುದು ನಿಜ? — ಓದುಗರು, ಸಕಲೇಶಪುರ

ಉತ್ತರ: ಇಲ್ಲಿ ಎರಡು ಬೇರೆ ಕಥೆಗಳು ಒಂದರೊಳಗೊಂದು ಸೇರಿಕೊಂಡಿವೆ, ಬಿಡಿಸಿ ಹೇಳುತ್ತೇನೆ.

ಫ್ರಾಯ್ಕೆನ್ ಸ್ವತಃ ಬರೆದುಕೊಂಡಿರುವ ಪ್ರಕಾರ, 1921ರಿಂದ 1924ರವರೆಗೆ ಕೆನಡಾದ ಉತ್ತರದಲ್ಲಿ ನಡೆದ ಐದನೆಯ ಥೂಲೆ ಯಾತ್ರೆಯ ವೇಳೆ ಹಿಮದ ಬಿರುಗಾಳಿಗೆ ಸಿಕ್ಕಿ, ಹಿಮದಲ್ಲಿ ಒಂದು ಗುಳಿ ತೋಡಿ, ಮೇಲೆ ಗಾಡಿಯನ್ನು ಮುಚ್ಚಿಕೊಂಡು ಮಲಗಿದರು. ಎಚ್ಚರವಾದಾಗ ಮೇಲೆ ಬಿದ್ದ ಹಿಮ ಗಟ್ಟಿಯಾಗಿ ಸಮಾಧಿಯಂತಾಗಿತ್ತು. ಅಗೆಯಲು ಕೈಯಲ್ಲಿ ತಕ್ಕ ಉಪಕರಣವಿರಲಿಲ್ಲ. ಗಾಡಿಯ ದಾರಿಯಲ್ಲಿ ಬೀಳುವ ನಾಯಿಗಳ ಮಲ ಕಲ್ಲಿನಂತಾಗುವುದನ್ನು ಅವರು ದಿನವೂ ಕಂಡಿದ್ದರು. ಅದು ನೆನಪಾಗಿ, ತಮ್ಮದನ್ನೇ ಉಳಿಯ ಆಕಾರಕ್ಕೆ ತಂದು ಹೆಪ್ಪುಗಟ್ಟಲು ಬಿಟ್ಟು, ಅದರಿಂದ ಕೆರೆದು ಕೆರೆದು ದಾರಿ ಮಾಡಿಕೊಂಡು ಹೊರಬಂದರು. ಆ ಸಲದ ಹಿಮಗಚ್ಚಿಗೇ ಅವರ ಕಾಲ್ಬೆರಳುಗಳು ಕೊಳೆತು ಹೋದದ್ದು. ಮುಂದೆ ಎಡಪಾದವನ್ನೇ ತೆಗೆಯಬೇಕಾಯಿತು. ಗಮನಿಸಿ, ಅವರು ಹೇಳಿದ್ದು ಉಳಿ, ಎಂದರೆ ಒತ್ತಿ ಕೆರೆಯುವ ಸಾಧನ. ಕೊಯ್ಯುವ ಚಾಕು ಅಲ್ಲ.

ಇನ್ನೊಂದು ಕಥೆ, ಧ್ರುವಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ ಒಬ್ಬ ಮುದುಕನದು. ಆತ ಬಿರುಗಾಳಿಯ ರಾತ್ರಿ ತನ್ನ ಮಲದಿಂದ ಚಾಕು ಮಾಡಿ, ಜೊಲ್ಲು ಬಳಿದು ಬಾಯಿ ತೆಗೆದು, ಅದರಿಂದ ನಾಯಿಯೊಂದನ್ನು ಕೊಯ್ದು, ಅದರ ಚರ್ಮ ಮತ್ತು ಎಲುಬಿನಿಂದ ಹೊಸ ಗಾಡಿ ಮಾಡಿಕೊಂಡು ಕತ್ತಲಲ್ಲಿ ಮರೆಯಾದನಂತೆ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಮೆಟಿನ್ ಎರೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕಥೆಯನ್ನು ಕುರಿತದ್ದು. ಎರೆನ್ ಅವರು ಕೆಲವು ದಿನ ಧ್ರುವವಾಸಿಗಳಂತೆ ಮಾಂಸ, ಮೀನುಗಳನ್ನೇ ಹೆಚ್ಚಾಗಿ ಉಂಡು, ಮಲವನ್ನು ಅಲಗಿನ ರೂಪಕ್ಕೆ ತಂದು, ಸೊನ್ನೆಗಿಂತ 50 ಡಿಗ್ರಿ ಕೆಳಗೆ ತಣಿಸಿ, ಅರದಿಂದ ಬಾಯಿ ತೆಗೆದು, ಹಂದಿಯ ತೊಗಲನ್ನು ಕೊಯ್ಯಲು ನೋಡಿದರು. ಬಾಯಿ ತೊಗಲಿಗೆ ತಾಗಿದಲ್ಲೇ ಕರಗಿ, ಗೀಟು ಎಳೆದಂತೆ ಕಂದು ಕಲೆ ಉಳಿಯಿತೇ ಹೊರತು ತೊಗಲು ಕೊಯ್ಯಲಿಲ್ಲ. ಈ ಕೆಲಸಕ್ಕೆ 2020ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು.

ತೊಗಲನ್ನು ಕೊಯ್ಯಲು ಬಾಯಿ ಚೂಪಾಗಿರಬೇಕು, ಬಿಸಿಗೆ ಕರಗದೆ ಉಳಿಯಬೇಕು. ಹಿಮವನ್ನು ಕೆರೆಯಲು ಮೊಂಡು ಗಟ್ಟಿತನವೇ ಸಾಕು; ಜೊತೆಗೆ ಆ ಹಿಮವೇ ಸಾಧನವನ್ನು ತಣ್ಣಗಿಡುತ್ತದೆ. ಆದ್ದರಿಂದ ಈ ಪ್ರಯೋಗ ಫ್ರಾಯ್ಕೆನ್ ಅವರ ಮಾತನ್ನು ಸುಳ್ಳೆಂದು ತೋರಿಸುವುದಿಲ್ಲ, ನಿಜವೆಂದೂ ಸಾಧಿಸುವುದಿಲ್ಲ. ಗುಳಿಯಲ್ಲಿ ಅವರೊಬ್ಬರೇ ಇದ್ದರು, ಸಾಕ್ಷಿ ಬೇರೆ ಇಲ್ಲ. ವರ್ಷಗಟ್ಟಲೆ ಅಂಥ ಚಳಿಯನ್ನು ಕಂಡಿದ್ದ ಮನುಷ್ಯನ ಮಾತೆಂದು ನಾನು ಅದನ್ನು ನಂಬುತ್ತೇನೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಚಳಿಯಲ್ಲಿ ಉಕ್ಕು ಪೆಡಸಾಗುತ್ತದೆಂದು ತರಗತಿಯಲ್ಲಿ ಕಲಿತೆವು. ಹಾಗಿದ್ದರೆ ಧ್ರುವದ ಜನ ಕಬ್ಬಿಣದ ಚಾಕುವನ್ನು ಹೇಗೆ ಬಳಸುತ್ತಿದ್ದರು? ಅದಿರು ಕಾಯಿಸಲು ಅಲ್ಲಿ ಮರವೇ ಇಲ್ಲವಲ್ಲ, ಕಬ್ಬಿಣವಾದರೂ ಎಲ್ಲಿಂದ ಬಂತು? — ವಿದ್ಯಾರ್ಥಿ, ಹಾಸನ

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರಲ್ಲೇ ಇದೆ. ಅವರ ಕಬ್ಬಿಣ ಆಕಾಶದಿಂದ ಬಂತು.

1818ರಲ್ಲಿ ಬ್ರಿಟಿಷ್ ನೌಕಾಪಡೆಯ ಜಾನ್ ರಾಸ್ ಗ್ರೀನ್‌ಲ್ಯಾಂಡಿನ ವಾಯವ್ಯ ತೀರಕ್ಕೆ ಹೋದಾಗ, ಹೊರಗಿನವರನ್ನು ಕಂಡೇ ಇರದ ಇನುಗುಯಿಟ್ ಜನರ ಕೈಯಲ್ಲಿ ಮೂಳೆಯ ಹಿಡಿಗೆ ಕಬ್ಬಿಣದ ಚೂರುಗಳನ್ನು ಸಾಲಾಗಿ ಕೂರಿಸಿದ ಚಾಕುಗಳನ್ನು ಕಂಡು ಬೆರಗಾದರು. ಆ ಕಬ್ಬಿಣ ಕೇಪ್ ಯಾರ್ಕ್ ಎಂಬಲ್ಲಿ ಬಹು ಹಿಂದೆ ಬಿದ್ದ ಉಲ್ಕೆಯ ತುಂಡುಗಳಿಂದ ತೆಗೆದದ್ದು. ಗಟ್ಟಿ ಕಲ್ಲಿನಿಂದ ಉಲ್ಕೆಯನ್ನು ಜಜ್ಜಿ ಜಜ್ಜಿ, ಬೆರಳ ಉಗುರಿನಷ್ಟು ಸಣ್ಣ ಚೂರುಗಳನ್ನು ಎಬ್ಬಿಸಿ, ಬಿಸಿಯನ್ನೇ ಕೊಡದೆ ತಟ್ಟಿ ಚಪ್ಪಟೆ ಮಾಡಿ, ಮೂಳೆಯಲ್ಲಿ ಕೊರೆದ ಸೀಳಿಗೆ ಒಂದರ ಪಕ್ಕ ಒಂದನ್ನು ಕೂರಿಸುತ್ತಿದ್ದರು. ಒಂದು ಚಾಕುವಿಗೆ ಎಷ್ಟು ದಿನದ ಬಡಿತವೋ ಊಹಿಸಿಕೊಳ್ಳಿ. ಅವರ ಭಾಷೆಯಲ್ಲಿ ‘ಸವಿಕ್’ ಎಂದರೆ ಕಬ್ಬಿಣವೂ ಹೌದು, ಚಾಕುವೂ ಹೌದು. ಉಲ್ಕೆ ಬಿದ್ದ ಆ ನೆರೆಯ ಊರಿನ ಹೆಸರು ಇಂದಿಗೂ ಸವಿಸ್ಸಿವಿಕ್. ಅಮೆರಿಕದ ರಾಬರ್ಟ್ ಪಿಯರಿ ಈ ಉಲ್ಕೆಯ ಮೂರು ದೊಡ್ಡ ತುಂಡುಗಳನ್ನು ಹಡಗಿಗೇರಿಸಿಕೊಂಡು ಹೋದರು. 1897ರಲ್ಲಿ ಸಾಗಿಸಿದ ಅತಿ ದೊಡ್ಡದು ಸುಮಾರು 31 ಟನ್, ಈಗ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ತಲೆಮಾರುಗಳಿಂದ ಒಂದು ಜನಾಂಗಕ್ಕೆ ಕಬ್ಬಿಣ ಕೊಟ್ಟಿದ್ದ ಕಲ್ಲನ್ನು ಹೀಗೆ ಹೊತ್ತೊಯ್ದದ್ದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ಫ್ರಾಯ್ಕೆನ್ ಮತ್ತು ರಾಸ್ಮುಸ್ಸೆನ್ ಅಲ್ಲಿ ಠಾಣೆ ತೆರೆದದ್ದು ಇದಾದ ಹದಿಮೂರು ವರ್ಷಕ್ಕೆ. ನರಿಯ ತುಪ್ಪಳ ಕೊಟ್ಟು ಸಾಮಾನು ಕೊಳ್ಳುವ ವ್ಯಾಪಾರ ಅದು.

ಈಗ ನಿಮ್ಮ ಮೊದಲ ಪ್ರಶ್ನೆ. ಸಾಮಾನ್ಯ ಉಕ್ಕು ಒಂದು ಮಟ್ಟಕ್ಕಿಂತ ಕೆಳಗೆ ತಣ್ಣಗಾದರೆ ಬಾಗುವ ಬದಲು ಮುರಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಎಂಬ ಸರಕು ಹಡಗುಗಳು ತಣ್ಣೀರಿನಲ್ಲಿ ಬಿರಿದದ್ದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಇಂಗಾಲ, ರಂಜಕ, ಗಂಧಕ ಹೆಚ್ಚಾದಷ್ಟೂ ಈ ದೋಷ ಹೆಚ್ಚು. ನಿಕ್ಕಲ್ ಸೇರಿದಷ್ಟೂ ಕಡಿಮೆ. ಕೇಪ್ ಯಾರ್ಕ್ ಉಲ್ಕೆಯಲ್ಲಿ ನೂರಕ್ಕೆ ಸುಮಾರು 8ರಷ್ಟು ನಿಕ್ಕಲ್ ಇದೆ, ಇಂಗಾಲ ಬಹಳ ಅಲ್ಪ. ಕಾಯಿಸಿ ಅದ್ದಿ ಅದನ್ನು ಗಡಸು ಮಾಡಲಾಗದು. ತಣ್ಣಗೆ ಬಡಿದೇ ಗಡಸು ಮಾಡಬೇಕು, ಅವರು ಮಾಡಿದ್ದೂ ಅದನ್ನೇ. ಅಲಗು ಒಂದೇ ಉದ್ದ ಪಟ್ಟಿಯಾಗಿರದೆ ಬಿಡಿ ಚೂರುಗಳ ಸಾಲಾಗಿದ್ದುದರಿಂದ, ಒಂದು ಚೂರು ಹೋದರೂ ಉಳಿದ ಬಾಯಿ ಕೆಲಸ ಮಾಡುತ್ತಿತ್ತು.

ನಮ್ಮ ನೆಲದ ಕಥೆ ಇದಕ್ಕೆ ನೇರ ಎದುರು. ಬಾಬಾಬುಡನ್‌ಗಿರಿ ಸಾಲಿನಲ್ಲಿ ಅದಿರು ಬೇಕಾದಷ್ಟು. ಕೆಮ್ಮಣ್ಣುಗುಂಡಿಯ ಅದಿರೇ ಭದ್ರಾವತಿಯ ಕಾರ್ಖಾನೆಗೆ ಇಳಿದು ಬರುತ್ತಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿ ಎಲೆಗಳನ್ನೂ ಇಟ್ಟು ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿದ್ದಾರೆ. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಅದು ಉಕ್ಕಾಗುತ್ತಿತ್ತು. ಹೊರದೇಶಗಳಲ್ಲಿ ವೂಟ್ಜ್ ಎಂದು ಹೆಸರಾದ ಉಕ್ಕು ಇದೇ ಬಗೆಯದು. ಆ ಹೆಸರೇ ಕನ್ನಡದ ‘ಉಕ್ಕು’ ಎಂಬ ಮಾತಿನಿಂದ ಹೋದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇಂಗಾಲ ತುಂಬಿದ ಆ ಉಕ್ಕಿನ ಬಾಯಿ ಬಹಳ ಕಾಲ ಹರಿತ ಉಳಿಸಿಕೊಳ್ಳುತ್ತಿತ್ತು; ಗ್ರೀನ್‌ಲ್ಯಾಂಡಿನ ಚಳಿಯಲ್ಲಿ ಎಲುಬಿಗೆ ಬೀಳುವ ಏಟಿಗೆ ಅದನ್ನು ಒಡ್ಡಲು ಮಾತ್ರ ನಾನು ಒಪ್ಪಲಾರೆ.

ಪ್ರಶ್ನೆ: ಅಂಥ ಚಾಕುವಿನ ಹಿಡಿಗೆ ಕೊಂಬು ಚೆನ್ನಾಗಿ ಕಾಣುತ್ತದೆ. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕಡವೆ ಕೊಂಬೊಂದು ಬಿದ್ದಿದೆ, ಬಳಸಬಹುದೇ? ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಏನು ಮಾಡಬೇಕು? ಚಾಕು ಇಟ್ಟುಕೊಳ್ಳಲು ಪರವಾನಗಿ ಬೇಕೇ? — ಓದುಗರು, ಕೊಪ್ಪ

ಉತ್ತರ: ಕೊಂಬನ್ನು ಮುಟ್ಟಬೇಡಿ. ಕಡವೆ, ಜಿಂಕೆಗಳ ಕೊಂಬು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಜ್ಜನ ಕಾಲದ್ದಾದರೂ ಕಾಗದಪತ್ರವಿಲ್ಲದೆ ಇಟ್ಟುಕೊಳ್ಳುವುದೇ ತೊಡಕು, ಕೊಯ್ದು ಹಿಡಿ ಮಾಡಿಸಿದರಂತೂ ನೀವು ಮತ್ತು ಆಚಾರ್ರು ಇಬ್ಬರೂ ಸಿಕ್ಕಿಬೀಳುತ್ತೀರಿ. ಅರಣ್ಯ ಇಲಾಖೆಯವರನ್ನು ಕೇಳಿ ಅದರ ವಿಲೇವಾರಿ ಮಾಡಿಕೊಳ್ಳಿ. ಧ್ರುವದಲ್ಲಿ ಮರವೇ ಬೆಳೆಯುವುದಿಲ್ಲವೆಂದು ಅವರು ಕೊಂಬು, ಮೂಳೆಗಳಿಗೆ ಕೈಹಾಕಿದರು. ನಮಗೆ ಆ ಕೊರತೆ ಇಲ್ಲ. ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬುಡವನ್ನು ನೋಡಿದ್ದೀರಾ? ಎಳೆ ಒತ್ತೊತ್ತಾಗಿ, ಕೈಗೆ ತೂಕವಾಗಿ, ಉಜ್ಜಿದರೆ ನುಣ್ಣಗೆ ಜೇನಿನ ಬಣ್ಣಕ್ಕೆ ಬರುತ್ತದೆ. ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿಸಿ ಬಳಸಿ, ಹಸಿಯದನ್ನು ಹಾಕಿದರೆ ಬೇಸಿಗೆಯಲ್ಲಿ ಬಿರಿಯುತ್ತದೆ. ಮೂಡಿಗೆರೆಯ ಓದುಗರಿಗೂ ನಾನು ಹೇಳುವುದು ಇದನ್ನೇ: ತೋಟಗಾರನ ಚಾಕುವಿಗೆ ಅವನ ತೋಟದ್ದೇ ಮರ. ಮುರಿದ ಹಳೆಯ ಕುರ್ಚಿಯ ಬೀಟೆ ಕಾಲು ಮನೆಯಲ್ಲಿದ್ದರೆ ಅದೂ ಆಗುತ್ತದೆ.

ತುಕ್ಕಿನ ವಿಷಯ. ಸ್ಪ್ರಿಂಗ್ ಪಟ್ಟಿಯ ಉಕ್ಕಿಗೆ ತುಕ್ಕು ಬಂದೇ ಬರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಮೊದಲ ತಿಂಗಳು ಬಾಳೆಕಾಯಿ, ಮಾವಿನಕಾಯಿ ಕೊಯ್ದಂತೆ ಅಲಗಿನ ಮೇಲೆ ಬೂದುನೀಲಿಯ ಕಲೆ ಕೂರುತ್ತದೆ. ಅದನ್ನು ತಿಕ್ಕಿ ತೆಗೆಯಬೇಡಿ, ಕೆಂಪು ತುಕ್ಕಿಗೆ ಅದೇ ಸ್ವಲ್ಪ ಮಟ್ಟಿಗೆ ತಡೆ. ಸಂಜೆ ಒರೆಸಿ, ಒಲೆಯ ಹತ್ತಿರ ಒಂದು ನಿಮಿಷ ಇಟ್ಟು ತೇವ ಆರಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಬಹಳ ಜನ ಮಾಡುವ ತಪ್ಪೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾಕುವನ್ನು ತೊಗಲಿನ ಒರೆಯಲ್ಲೇ ಬಿಡುವುದು. ತೊಗಲು ತೇವ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಅದಕ್ಕೆ ಸೇರಿದ ಉಪ್ಪು, ಹುಳಿಯ ಅಂಶಗಳೂ ಉಳಿದಿರುತ್ತವೆ. ಒಂದು ವಾರದಲ್ಲಿ ಅಲಗಿನ ಮೇಲೆ ಸಿಡುಬಿನಂತೆ ಗುಳಿ ಬೀಳುತ್ತದೆ. ಹೊರಗೆ ಹೋಗುವಾಗ ಮಾತ್ರ ಒರೆ, ಮನೆಯಲ್ಲಿ ಅಡುಗೆಮನೆಯ ಗೋಡೆಯ ಮೊಳೆ.

ಪರವಾನಗಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿರುವ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸಿದ್ದಾರೆ. ಮನೆಬಳಕೆಗೆ, ಬೇಸಾಯಕ್ಕೆ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಐದು ಅಂಗುಲದ ತೋಟದ ಚಾಕುವಿಗೆ ಆ ತೊಡಕು ಇಲ್ಲ. ಹಾಗೆಂದು ಸಭೆ, ಜಾತ್ರೆಗಳಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬೇಡಿ, ವಿಮಾನದಲ್ಲಿ ಕೈಚೀಲದೊಳಗೆ ಇಡಬೇಡಿ.

ಪ್ರಶ್ನೆ: ಚಾಕುವಿನ ಮೇಲೆ ಫ್ರಾಯ್ಕೆನ್ ಹೆಸರು ಕೆತ್ತಿಸುವುದು ಚೆನ್ನವೇ? ಎಲ್ಲಿ ಕೆತ್ತಿಸಬೇಕು? — ಓದುಗರು, ಬೇಲೂರು

ಉತ್ತರ: ಕೆತ್ತಿಸಬಹುದು, ಆದರೆ ಅಲಗಿನ ಬಾಯಿಯ ಹತ್ತಿರ ಬೇಡ. ಉಕ್ಕಿನ ಮೇಲೆ ಆಳವಾಗಿ ಬಿದ್ದ ಪ್ರತಿ ಗೆರೆಯೂ ಒಂದು ಗಾಯ. ಏಟು ಬಿದ್ದಾಗ ಬಿರುಕು ಹುಟ್ಟುವುದು ಅಂಥಲ್ಲೇ. ಹದ ಹಾಕಿದ ಮೇಲೆ ಅಕ್ಷರದ ಅಚ್ಚನ್ನು ಬಡಿದರೆ ಅಚ್ಚು ಮೊಂಡಾಗುತ್ತದೆ, ಅಲಗೂ ಒಡೆಯಬಹುದು. ಆದ್ದರಿಂದ ಅಲಗು ಇನ್ನೂ ಮೆತ್ತಗಿರುವಾಗಲೇ, ಹಿಡಿಯಿಂದ ಅರ್ಧ ಅಂಗುಲ ಮುಂದೆ, ಬೆನ್ನಿನ ಪಕ್ಕದಲ್ಲಿ, ಹಗುರವಾಗಿ ಒತ್ತಿಸಿ. ಅಲ್ಲಿ ಆರೇಳು ಅಕ್ಷರಕ್ಕೆ ಮಾತ್ರ ಜಾಗವಿರುತ್ತದೆ. ನನ್ನನ್ನು ಕೇಳಿದರೆ, ಫ್ರಾಯ್ಕೆನ್ ಹೆಸರನ್ನು ಹಿಡಿಯ ಮರದ ಮೇಲೆ ಕಾದ ತಂತಿಯಿಂದ ಬರೆಸಿ, ಉಕ್ಕಿನ ಮೇಲಿನ ಆ ಜಾಗವನ್ನು ಚಾಕು ಮಾಡಿದ ಆಚಾರ್ರಿಗೆ ಬಿಟ್ಟುಕೊಡಿ. ತಮ್ಮ ಗುರುತಿನ ಅಚ್ಚನ್ನು ಎಲ್ಲಿ, ಎಷ್ಟು ಆಳಕ್ಕೆ ಒತ್ತಬೇಕೆಂದು ಅವರಿಗೆ ಗೊತ್ತಿರುತ್ತದೆ.